ತಿಪ್ಪೆಗೆ ಬಿದ್ದ ಡಬ್ಬಿ

ಎಂಬತ್ತರ ದಶಕದಲ್ಲಿ ಕೊಳಕೂರಿನ ನಮ್ಮ ಮನೆಯಲ್ಲಿ ಏನನ್ನೂ ಎಸೆಯುವ ಹಾಗಿರಲಿಲ್ಲ. ಹರಿದ ಸೀರೆ ಕೌದಿಯಾಗುತ್ತಿತ್ತು, ತೂತುಬಿದ್ದ ಕೊಡದಲ್ಲಿ ತುಳಸಿ ಬೆಳೆಯುತ್ತಿತ್ತು. ಹಾಗಾಗಿ ತೊಗರಿಯ ಹುಳಕ್ಕೆ ಹೊಡೆದ ಔಷಧದ ಖಾಲಿ ಡಬ್ಬಿ ಪ್ರತಿವರ್ಷದ ತಲೆನೋವು. ಅದಕ್ಕೆ ತೂತು ಹೊಡೆದು, ಬಾವಿಯಿಂದ ದೂರ, ಆಳವಾಗಿ ಹೂಳಬೇಕೆಂದು ಗ್ರಾಮಸೇವಕ ಹೇಳಿ ಹೋಗಿದ್ದ. ಹೂಳುವವರು ಯಾರೆಂದು ಮಾತ್ರ ಹೇಳಿರಲಿಲ್ಲ. ಗಂಡನಿಗೆ ಹೊಲ, ಅತ್ತೆಗೆ ಮೊಣಕಾಲುನೋವು. ಉಳಿದವಳು ನಾನು.

ಆ ವರ್ಷದ್ದು ತಿರುಗಿಸುವ ಮುಚ್ಚಳದ, ಹೊಳೆಯುವ ಅಲ್ಯೂಮಿನಿಯಂ ಡಬ್ಬಿ. ಅದು ಖಾಲಿಯಾದ ದಿನ ಬೆಳಗಿನಿಂದ ನೀರು ಹೊತ್ತು, ಆಳುಗಳಿಗೆ ರೊಟ್ಟಿ ಬಡಿದು ನನ್ನ ರಟ್ಟೆ ಬಿದ್ದುಹೋಗಿದ್ದವು. ಡಬ್ಬಿಯನ್ನು ತಿಪ್ಪೆಗೆ ಹಾಕಿ, ಮೇಲೆ ಒಂದು ಬುಟ್ಟಿ ಸಗಣಿ ಸುರಿದು, ನಾಳೆ ಹೂಳಿದರಾಯಿತು ಅಂದುಕೊಂಡೆ. ಆಗ ನನ್ನ ಎಲ್ಲ ಕೆಲಸವೂ ನಾಳೆಗೇ ಇರುತ್ತಿತ್ತು.

ನಾಲ್ಕನೇ ದಿನ ಎದುರುಮನೆಯ ಹಿರಿಯಾಕೆ, ನಾವೆಲ್ಲ ಕಾಕು ಎನ್ನುತ್ತಿದ್ದವರು, ಬಂದರು. ಕೈಯಲ್ಲಿ ಅದೇ ಡಬ್ಬಿ, ಬೆಳ್ಳಗೆ ಮಿಂಚುತ್ತಿತ್ತು.

"ತಂಗಿ, ಕೋಳಿ ಕೆದರಿ ನಿಮ್ಮ ಡಬ್ಬಿ ತಿಪ್ಪ್ಯಾಗ ಹೊರಗ ಬಿದ್ದಿತ್ತು. ಬೂದಿ ಹಚ್ಚಿ ತಿಕ್ಕಿ ತೊಳದೇನಿ. ಖಾಲಿ ಹ್ಯಾಂಗ ಕೊಡೋದು ಅಂತ ಮಜ್ಜಗಿ ಹಾಕೇನಿ."

ನಮ್ಮ ಕಡೆ ಇನ್ನೊಬ್ಬರ ಮನೆಯ ಪಾತ್ರೆಯನ್ನು ಬರಿದಾಗಿ ಮರಳಿಸುವುದಿಲ್ಲ. ಏನಿಲ್ಲವೆಂದರೂ ಒಂದು ಚಿಟಿಕೆ ಸಕ್ಕರೆ ಇರಬೇಕು. ಕಾಕು ಕಳಿಸಿದ ಪಾತ್ರೆಯಂತೂ ಯಾವಾಗಲೂ ತುಂಬಿಯೇ ಬರುತ್ತಿತ್ತು.

ಇದರೊಳಗಿಂದ ಯಾರಾದರೂ ಕುಡಿದಿದ್ದಾರೆಯೇ ಎಂದು ಕೇಳಿದೆ. ಮೊಮ್ಮಗಳು ಹಟ ಮಾಡಿದಳೆಂದು ಒಂದು ವಾಟಗ ಮಜ್ಜಿಗೆ ಬಗ್ಗಿಸಿ ಕುಡಿಸಿ ಬಂದೆ ಎಂದರು, ನಗುತ್ತಲೇ.

"ಕಾಕು, ಅದು ಹುಳದ ಔಷಧದ ಡಬ್ಬಿರಿ."

ನಾವು ಓಡಿಹೋಗುವಷ್ಟರಲ್ಲಿ ಹುಡುಗಿ ವಾಂತಿ ಮಾಡಿಕೊಳ್ಳುತ್ತಿದ್ದಳು. ಯಾರದೋ ಜೀಪಿನಲ್ಲಿ ಜೇವರ್ಗಿ ದವಾಖಾನೆಗೆ ಒಯ್ದೆವು. ಔಷಧದ ಹೆಸರೇನೆಂದು ಡಾಕ್ಟರು ಕೇಳಿದರು. ಡಬ್ಬಿಯ ಮೇಲಿನ ಚೀಟಿಯನ್ನು ಕಾಕು ತಿಕ್ಕಿ ತೆಗೆದಿದ್ದರು. ನಾನು ಅದನ್ನು ಒಮ್ಮೆಯೂ ಓದಿರಲಿಲ್ಲ. ಮೂರು ದಿನ ಕಾಕುವಿನ ಪಕ್ಕ ಕುಳಿತಿದ್ದೆ, ಅವರ ಮುಖ ನೋಡುವ ಧೈರ್ಯವಾಗಲಿಲ್ಲ. ಹುಡುಗಿ ಉಳಿದಳು.

ನನ್ನನ್ನು ಯಾರೂ ಬೈಯಲಿಲ್ಲ. ಬಂದವರಿಗೆಲ್ಲ ಕಾಕು ತಪ್ಪು ತನ್ನದೇ ಎಂದು ಹೇಳುತ್ತಿದ್ದರು. ಅಲ್ಲ, ನನ್ನದು ಎನ್ನಲು ಎರಡು ಸಲ ಬಾಯಿ ತೆರೆದೆ. ಎರಡೂ ಸಲ ಸುಮ್ಮನಾದೆ. ಇವತ್ತಿಗೂ ಅದು ನೆನಪಾದರೆ ನಾಚಿಕೆಯಾಗುತ್ತದೆ.

ಊರಿಗೆ ಮರಳಿದ ದಿನವೇ ಹಾರೆಯಿಂದ ಡಬ್ಬಿಗೆ ಆರು ಕಡೆ ತೂತು ಹೊಡೆದೆ. ಬಾವಿಯಿಂದ ದೂರ, ಬೀಳುಭೂಮಿಯ ಅಂಚಿನಲ್ಲಿ ಸೊಂಟದಾಳ ಅಗೆದು ಹೂತೆ. ಒಂದು ತಾಸೂ ಹಿಡಿಯಲಿಲ್ಲ.

ಎಳ್ಳ ಅಮಾವಾಸ್ಯೆಗೆ ಎದುರುಮನೆಗೆ ಒಂದು ಬೋಗುಣಿಯಲ್ಲಿ ಹಬ್ಬದ ಕಾಳು-ಸೊಪ್ಪಿನ ಭಜ್ಜಿಪಲ್ಯ ಕಳಿಸಿದೆ. ಮರುದಿನ ಬೋಗುಣಿ ತಂದವಳು ಆ ಮೊಮ್ಮಗಳೇ, ಮೈತುಂಬಿಕೊಂಡು ಚೆನ್ನಾಗಿದ್ದಳು. ಬೋಗುಣಿಯನ್ನು ಥಳಥಳ ತೊಳೆದಿದ್ದರು. ಒಳಗೆ ಏನೂ ಇರಲಿಲ್ಲ.

"ನಮ್ಮ ಆಯಿ ತನ್ನ ಕೈಲೆ ಇನ್ನ ಯಾರಿಗೂ ಏನೂ ಕೊಡಂಗಿಲ್ಲಂತ್ರಿ," ಎಂದು ಅಜ್ಜಿಯ ಮಾತು ಒಪ್ಪಿಸಿದಳು.

ಬೋಗುಣಿ ಹಿಡಿದುಕೊಂಡು ಹೊಸ್ತಿಲ ಮೇಲೆಯೇ ಕುಳಿತೆ. ದಣಿವೆಂದು ಕೆಲಸ ಬಿಟ್ಟವಳು ನಾನು. ಕೊಡುವುದನ್ನು ಬಿಟ್ಟವರು ಅವರು.