ಸರಪಳಿ ಬುಟ್ಟಿಯನ್ನು ನಂಬದ ಅಕ್ಕ

ಆಸ್ಪತ್ರೆಯಿಂದ ರಿಪೋರ್ಟ್ ಬರುವ ಹಿಂದಿನ ದಿನ ಬೆಳಿಗ್ಗೆ ನಮ್ಮಕ್ಕ ಶಾಂತವ್ವ ಉದ್ಯಾನದ ನಡುವೆ ನಿಂತು, ಸರಪಳಿ ಇಳಿಬಿಟ್ಟ ಕಬ್ಬಿಣದ ಕಂಬವೊಂದನ್ನು ಎರಡೂ ಕೈಯಿಂದ ಹಿಡಿದು ಅಲ್ಲಾಡಿಸುತ್ತಿದ್ದಳು.

"ಇದನ್ನ ಯಾರೋ ಕಿತ್ತು ಆಕಡೆ ನಟ್ಟಾರ," ಅಂದಳು. "ನಿನ್ನಿ ಇಷ್ಟು ದೂರ ಇರಲಿಲ್ಲ."

"ಸಿಮೆಂಟ್ ಹಾಕಿ ನಿಂದರಿಸ್ಯಾರ ಬೇ. ಹ್ಯಾಂಗ ಕೀಳ್ತಾರ?"

"ಸಿಮೆಂಟ್ ಹಾಕಿದ್ದು ನೀ ನೋಡೀಯೇನ?"

ನಾನು ನೋಡಿರಲಿಲ್ಲ. ಅಕ್ಕ ಗೆದ್ದವಳಂತೆ ಮುಖ ಮಾಡಿ ಪ್ಲಾಸ್ಟಿಕ್ ತಟ್ಟೆಯನ್ನು ಎಸೆದಳು. ಅದು ಬೇವಿನ ಮರಕ್ಕೆ ಬಡಿದು ತಿರುಗಿ ನಮ್ಮ ಕಾಲ ಬುಡಕ್ಕೇ ಬಂದು ಬಿತ್ತು. ಅವಳು ಆ ಮರವನ್ನೂ ಸ್ವಲ್ಪ ಹೊತ್ತು ದಿಟ್ಟಿಸಿದಳು.

ಯಾವುದನ್ನೂ ಮೊದಲ ಸಲಕ್ಕೆ ನಂಬುವವಳಲ್ಲ ಅವಳು. ಗಂಡ ತೀರಿಕೊಂಡ ಮೇಲೆ ಅಥಣಿ ರಸ್ತೆಯ ನಮ್ಮ ಮನೆಗೆ ಬಂದಳು. ಇಬ್ಬರೂ ಸೇರಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಅಂಗಡಿಗಳಿಗೆ ಕೊಡುತ್ತಿದ್ದೆವು. ಜೋಳದ ಚೀಲ ಬಂದರೆ ಮೊಣಕೈವರೆಗೆ ಕೈ ತೂರಿಸಿ ತಳದ ಕಾಳು ತೆಗೆದು ಕಡಿದು ನೋಡುತ್ತಿದ್ದಳು. "ಮ್ಯಾಲಿನ ಜೋಳ ಎಲ್ಲಾರೂ ಚಲೋನ ಇಡ್ತಾರ," ಎನ್ನುತ್ತಿದ್ದಳು. ತವರೂರು ಮಮದಾಪುರಕ್ಕೆ ಹೊರಟರೆ ಬಸ್ಸಿನ ಬೋರ್ಡ್ ಓದಿ, ಕಂಡಕ್ಟರನ್ನು ಕೇಳಿ, ಡ್ರೈವರನ್ನು ಕೇಳಿ, ಕೊನೆಗೆ ಪಕ್ಕದ ಸೀಟಿನವರನ್ನೂ ಕೇಳುವಳು. ಎಲ್ಲರೂ ಹೌದೆಂದರೆ ನನ್ನ ಕಿವಿಯಲ್ಲಿ, "ಎಲ್ಲಾರೂ ಒಂದ ಮಾತ ಹೇಳಾಕತ್ತಾರಂದ್ರ ಏನೋ ಐತಿ," ಎನ್ನುವಳು.

ನಮ್ಮ ಬಡಾವಣೆಯ ಉದ್ಯಾನದಲ್ಲಿ ಪಾಲಿಕೆಯವರು ಆ ಕಂಬಗಳನ್ನು ನೆಡಿಸಿದ್ದು ಬೇಸಿಗೆಯಲ್ಲಿ. ಮೇಲೆ ಸರಪಳಿಗಳು, ಕೆಳಗೆ ಜಾಳಿಗೆಯ ಬುಟ್ಟಿ. ಬಿಸಿಲುಗಾಲದಲ್ಲಿ ಹಕ್ಕಿಗಳಿಗೆ ನೀರು, ಕಾಳು ಇಡುವ ರೂಢಿ ನಮ್ಮಲ್ಲಿ ಮನೆಮನೆಗೂ ಇದೆ. ಇದೂ ಅದಕ್ಕೇ ಇರಬೇಕೆಂದು ಎಲ್ಲರೂ ತಿಳಿದೆವು. ಅಕ್ಕ ಒಂದು ಕೊಡ ನೀರು ಹೊತ್ತು ತಂದು ಬುಟ್ಟಿಗೆ ಸುರಿದಳು. ನೀರೆಲ್ಲ ಅವಳ ಪಾದದ ಮೇಲೆ ಇಳಿಯಿತು.

"ತಳಾನ ಹಾಕಿಲ್ಲ! ಹಕ್ಕಿ ಬಾಯಾಗಿಂದೂ ತಿಂತಾರಲ್ಲ ಇವರು!" ಎಂದು ಗೇಟಿನ ಬಳಿ ನಿಂತು, ಬಂದವರಿಗೆಲ್ಲ ಒದ್ದೆ ಸೀರೆ ತೋರಿಸಿದಳು.

ಕಡೆಗೆ ನಮ್ಮ ಓಣಿಯಲ್ಲೇ ಇರುವ ಆಟದ ಟೀಚರ್ ಸುಜಾತಾ ತಟ್ಟೆಗಳನ್ನು ತಂದು ತಿಳಿಸಿ ಹೇಳಿದರು. ಇದು ಡಿಸ್ಕ್ ಗಾಲ್ಫ್ ಅಂತ ಆಟ. ತಟ್ಟೆ ಬಿದ್ದಲ್ಲಿಂದ ಮತ್ತೆ ಎಸೆಯುತ್ತ ಹೋಗಬೇಕು, ಅದು ಸರಪಳಿಗೆ ಬಡಿದು ಬುಟ್ಟಿಗೆ ಬೀಳಬೇಕು, ಕಡಿಮೆ ಎಸೆತದಲ್ಲಿ ಮುಗಿಸಿದವರು ಗೆದ್ದಂತೆ. ಇಲ್ಲಿ ಆರೇ ಬುಟ್ಟಿ, ಕಲಿಯುವವರಿಗೆ ಅಂತಲೇ ಹತ್ತಿರ ಹತ್ತಿರ ನೆಟ್ಟದ್ದು.

"ಅಂದ್ರ, ನಾನ ಒಗಿಯೂದು, ನಾನ ಹೋಗಿ ತರೂದು?"

"ಹೌದ್ರಿ ಅಕ್ಕಾರ."

"ಟಿಕೀಟ?"

"ಏನಿಲ್ರಿ, ಪುಕ್ಕಟ."

ಪುಕ್ಕಟ ಎಂದ ಮೇಲಂತೂ ಅಕ್ಕನಿಗೆ ಅನುಮಾನ ಗಟ್ಟಿಯಾಯಿತು. ಇದರ ಹಿಂದೆ ಏನಿದೆ ನೋಡಬೇಕೆಂದು ದಿನವೂ ಬಂದು ಕಾವಲು ಕುಳಿತಳು. ಕುಳಿತು ಕುಳಿತು ಬೇಸರವಾಗಿ ಎದ್ದು ತಾನೂ ಎಸೆದಳು. ಕೈ ಪಳಗಲೇ ಇಲ್ಲ. ಆದರೂ ಒಂದು ದಿನ ಸರಪಳಿ ಝಲ್ಲೆಂದು ತಟ್ಟೆ ಬುಟ್ಟಿಗೆ ಬಿತ್ತು. ಅಕ್ಕ ಹೋಗಿ ಅದನ್ನು ಮುಟ್ಟಿ ನೋಡಿ, "ನೀ ಹಾಕಿದೇನ?" ಎಂದು ನನ್ನನ್ನು ಕೇಳಿದಳು. ಅಂದಿನಿಂದ ಬೆಳಗಿನ ರೊಟ್ಟಿ ಮುಗಿಸಿ ನಾವಿಬ್ಬರೂ ಆಡತೊಡಗಿದೆವು.

ಅಕ್ಕನ ಹೊಟ್ಟೆನೋವಿಗೆ ಮಾಡಿಸಿದ್ದ ಪರೀಕ್ಷೆಯ ರಿಪೋರ್ಟ್ ಬಂದಾಗ ಡಾಕ್ಟರು ನನ್ನನ್ನೂ ನನ್ನ ಯಜಮಾನರನ್ನೂ ಬೇರೆ ಕರೆದು ಮಾತಾಡಿದರು. ಕಾಯಿಲೆ ಕೈಮೀರಿತ್ತು. ಇಂಥದ್ದನ್ನು ಕಾಯಿಲೆಯವರಿಗೆ ಹೇಳುವ ರೂಢಿ ನಮ್ಮ ಮನೆತನದಲ್ಲಿ ಇಲ್ಲ. ಹೊಟ್ಟೆಯಲ್ಲಿ ಹುಣ್ಣಾಗಿದೆ, ಗುಳಿಗೆಗೆ ಮಾಯುತ್ತದೆ ಎಂದೆವು. ಅಕ್ಕ ಹೂಂ ಎಂದಳು, ಇನ್ನೇನೂ ಕೇಳಲಿಲ್ಲ. ನಂಬಿದಳು ಎಂದುಕೊಂಡೆ.

ಮುಂದಿನ ವಾರ ಆಟದಲ್ಲಿ ಕೊನೆಯ ಬುಟ್ಟಿಗೆ ಬರುವಾಗ ಇಬ್ಬರೂ ಸಮ ಇದ್ದೆವು. ನನ್ನ ತಟ್ಟೆ ಬುಟ್ಟಿಯ ಬುಡದಲ್ಲೇ ಬಿದ್ದಿತ್ತು. ಎತ್ತಿ ಹಾಕಿದರೆ ಸಾಕು. ನಾನು ಅದನ್ನು ಪಕ್ಕಕ್ಕೆ ಎಸೆದೆ.

ಅಕ್ಕ ತನ್ನ ಸರದಿ ಆಡಲಿಲ್ಲ. "ಕಸ್ತೂರಿ, ಇಲ್ಲೆ ನೋಡ," ಅಂದಳು. "ಸಣ್ಣಾಕಿದ್ದಾಗ ಒಂದು ಹುಣಚಿಕಾಯಿ ಸಲುವಾಗಿ ನನ್ನ ಕೈ ಕಚ್ಚಿದಾಕಿ ನೀ. ಇವತ್ತ ಬಿಟ್ಟುಕೊಡಾಕತ್ತಿ. ಡಾಕ್ಟರ ಏನ ಹೇಳ್ಯಾನ?"

"ಕೈ ಜಾರ್ತು ಬೇ."

"ಹೊಟ್ಟಿ ಹುಣ್ಣಿಗೆ ಯಾರೂ ಆಟ ಬಿಟ್ಟುಕೊಡೂದಿಲ್ಲಲೇ."

ಕಲ್ಲುಬೆಂಚಿನ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ. ಉಳಿದಿರುವ ಕಾಲ ಕಡಿಮೆ ಎಂಬುದನ್ನೂ ಹೇಳಿದೆ. ಅಕ್ಕ ಸೆರಗಿನಿಂದ ತಟ್ಟೆಯ ಮಣ್ಣು ಒರೆಸುತ್ತ ಕೇಳಿದಳು.

"ಖರೇ ಏನ?"

"ಖರೇ ಬೇ."

ಮತ್ತೆ ಕೇಳಲಿಲ್ಲ. ಎದ್ದು ನಿಂತಳು. "ಹಂಗಾದ್ರ ಈ ಆಟ ಲೆಕ್ಕಕ್ಕಿಲ್ಲ. ಮೊದಲಿಂದ ಆಡೂಣು ಬಾ. ಇನ್ನೊಮ್ಮೆ ಬಿಟ್ಟುಕೊಟ್ಟೀ ಅಂದ್ರ ನಿನ್ನ ಕೂಡ ಬರೂದಿಲ್ಲ ನಾ."

ಮೊದಲಿಂದ ಆಡಿದೆವು. ನಾನೇ ಗೆದ್ದೆ. ಗಾಳಿ ನನ್ನ ಕಡೆ ಇತ್ತೆಂದು ಮನೆಯವರೆಗೂ ಜಗಳಾಡಿದಳು. ಮರುದಿನವೇ ಮಮದಾಪುರಕ್ಕೆ ಹೋದಳು. ಚಿಕ್ಕಂದಿನಲ್ಲಿ ತನ್ನೊಂದಿಗೆ ಕುರಿ ಕಾಯ್ದಿದ್ದ ಗೆಳತಿಯರ ಮನೆಗಳಲ್ಲಿ ಉಂಡು, ಕೆರೆಯ ಏರಿಯ ಮೇಲೆ ಕುಳಿತು, ಮನಸ್ಸಿಗೆ ಬಂದಷ್ಟು ದಿನ ಇದ್ದು ಬಂದಳು. ನಾವು ಮುಚ್ಚಿಟ್ಟಿದ್ದರೆ ಆ ದಿನಗಳು ಅವಳಿಗೆ ಸಿಗುತ್ತಿರಲಿಲ್ಲ.

ಆ ಸುಗ್ಗಿಯ ಜೋಳದ ರಾಶಿ ಮುಗಿಯುವ ಮೊದಲೇ ಅಕ್ಕ ತೀರಿಹೋದಳು.

ನಾನು ಈಗಲೂ ಉದ್ಯಾನಕ್ಕೆ ಹೋಗುತ್ತೇನೆ. ಮೊನ್ನೆ ಮೊದಲ ಎಸೆತವೇ ಅಷ್ಟು ದೂರದಿಂದ ಹೋಗಿ ಬುಟ್ಟಿಗೆ ಬಿತ್ತು. ಸುತ್ತ ಯಾರೂ ಇರಲಿಲ್ಲ. ಮನೆಗೆ ಬಂದು ಹೇಳಿದೆ. ಎಲ್ಲರೂ ಕೂಡಲೇ ನಂಬಿದರು. ಖರೇ ಏನ ಎಂದು ಕೇಳುವ ಅಕ್ಕ ಇಲ್ಲ.