ಪುಕ್ಕಟೆ ಮಾಲಿಗೆ ವಲ್ಲಿ ಹಾಕಿದ ಪ್ರಭುಲಿಂಗಪ್ಪ

ಗಜೇಂದ್ರಗಡದ ಪ್ರಭುಲಿಂಗಪ್ಪ ದನದ ದಲಾಲಿ ಬಿಟ್ಟು ಬಹಳ ವರ್ಷಗಳಾದವು. ಹೆಗಲ ಮೇಲಿನ ವಲ್ಲಿಯನ್ನು ಮಾತ್ರ ಬಿಟ್ಟಿಲ್ಲ. ರೋಣದ ಸಂತೆಯಿರಲಿ, ನರಗುಂದದ ಸಂತೆಯಿರಲಿ, ಎತ್ತಿನ ಬೆಲೆಯನ್ನು ಬಾಯಿಬಿಟ್ಟು ಹೇಳುವವನು ಅವನ ಲೆಕ್ಕದಲ್ಲಿ ವ್ಯಾಪಾರಿಯೇ ಅಲ್ಲ. ವಲ್ಲಿ ಹರಡಬೇಕು, ಅದರ ಕೆಳಗೆ ಕೈಗೆ ಕೈ ಕೂಡಬೇಕು, ಬೆರಳು ಹಿಡಿದು ಬೆಲೆ ಹೇಳಬೇಕು, ಬೆರಳು ಮಡಚಿ ಇಳಿಸಬೇಕು. ಮುಖ ಮಾತ್ರ ಮಳೆಯ ಚಿಂತೆಯಲ್ಲಿರುವವನಂತಿರಬೇಕು. ಇದೇ ರೀತಿಯಲ್ಲಿ ಅವನು ಬದನೆಕಾಯಿ ಕೊಂಡಿದ್ದಾನೆ, ಮಗಳ ಮದುವೆಯ ಮುಹೂರ್ತ ಗೊತ್ತುಮಾಡಿದ್ದಾನೆ. ಒಮ್ಮೆ ದವಾಖಾನೆಯಲ್ಲಿ ನಾಡಿ ನೋಡಲು ಬಂದ ಡಾಕ್ಟರರ ಕೈಯ ಮೇಲೂ ವಲ್ಲಿ ಹಾಕಿದ. ಅವರು ಎರಡು ಬೆರಳು ಇಟ್ಟರು. ಇವನು ಒಂದನ್ನು ಮಡಚಿದ.

ಈಗ ಅವನು ಓಣಿಯ ಬಸವಣ್ಣನ ಗುಡಿಯ ಭಜನಾ ಮಂಡಳಿಗೆ ಹಿರಿಯ. ಮಂಡಳಿಯ ಮುಖ್ಯ ದನಿ ಅವನ ಅಕ್ಕ ರೇಣುಕವ್ವನದು. ಕಣ್ಣು ಮಂಜಾಗಿ, ಪುಸ್ತಕ ಓದಲಾಗದೆ ಹಾಡು ಬಿಟ್ಟಿದ್ದವಳು, ಗುಡಿಯ ಗೋಡೆಯ ಮೇಲೆ ಪ್ರೊಜೆಕ್ಟರಿನಿಂದ ಹಾಡುಗಳು ಕುಂಬಳಕಾಯಿಯಷ್ಟು ದಪ್ಪ ಅಕ್ಷರದಲ್ಲಿ ಮೂಡತೊಡಗಿದ ಮೇಲೆ ಮತ್ತೆ ಮುಂದಿನ ಸಾಲಿಗೆ ಬಂದಿದ್ದಳು.

ಆದರೆ ಹಾಡು ಮೂಡಿಸುವ ಆ ಸಾಫ್ಟ್‌ವೇರು ಯಾರೋ ಎಲ್ಲಿಂದಲೋ ತಂದು ಹಾಕಿದ ಕಳವಿನ ನಕಲು. ಪ್ರತಿ ಎರಡನೆಯ ನುಡಿ ಮುಗಿಯುತ್ತಲೇ ಅದು, ಅವಧಿ ತೀರಿದೆ, ಹಣ ಕಟ್ಟಿ ಎಂದು ಇಂಗ್ಲಿಷಿನಲ್ಲಿ ಕೆಂಪಗೆ ಬೈಯುತ್ತಿತ್ತು. ಕುಂಕುಮದ ಬಣ್ಣ ಕಂಡು ಹೆಂಗಸರು ಅಲ್ಲಿ ಕೈಯೆತ್ತಿ ಮುಗಿಯುವ ರೂಢಿ ಮಾಡಿಕೊಂಡರು. ತಾಳದವನು ಆ ಜಾಗಕ್ಕೊಂದು ಮುಕ್ತಾಯವನ್ನೂ ಕೂಡಿಸಿದ. ಶ್ರಾವಣದಲ್ಲಿ ಒಂದು ಸೋಮವಾರ ಹಾಡೇ ಬರಲಿಲ್ಲ. ಕೆಂಪು ಬೈಗುಳವೊಂದೇ ಗೋಡೆ ತುಂಬ ನಿಂತಿತು. ಮಂಡಳಿ ಕೈಮುಗಿದುಕೊಂಡೇ ಕುಳಿತಿತು. ಕೈ ಯಾವಾಗ ಇಳಿಸಬೇಕೆಂದು ಯಾರಿಗೂ ತಿಳಿಯಲಿಲ್ಲ.

“ಬರೋ ಸೋಮಾರ ನಾ ಹಾಡೂದಿಲ್ಲಪಾ,” ರೇಣುಕವ್ವ ಎದ್ದಳು. “ಗ್ವಾಡಿ ನೋಡ್ಕೋತ ಕುಂದ್ರಾಕ ಮನ್ಯಾಗ ಗ್ವಾಡಿ ಇಲ್ಲೇನು?”

ಬರುವುದು ಕಡೆಯ ಸೋಮವಾರ. ಅಕ್ಕ ಹಾಡದಿದ್ದರೆ ಪ್ರಭುಲಿಂಗಪ್ಪನೇ ದನಿ ತೆಗೆಯಬೇಕು. ಅವನ ದನಿಗೆ ಮಲಗಿದ ಎತ್ತುಗಳು ಏಳುತ್ತವೆ. ಭಕ್ತರೂ ಏಳುತ್ತಾರೆ, ಮನೆಗೆ ಹೋಗಲು. ಅವನು ಕಂಪ್ಯೂಟರ್ ರಿಪೇರಿಯ ಇಮ್ರಾನನಿಗೆ ಹೇಳಿಕಳಿಸಿದ.

ಕಡೆಯ ಸೋಮವಾರ ಸಂಜೆ ಇಮ್ರಾನ ಲ್ಯಾಪ್‌ಟಾಪ್ ಹಿಡಿದು ಬಂದ. ಹಾಡುವುದಿಲ್ಲವೆಂದ ರೇಣುಕವ್ವನೂ ಬತ್ತಿ ಹೊಸೆಯುವ ನೆಪದಲ್ಲಿ ಬಂದು ಕಂಬಕ್ಕೆ ಒರಗಿದ್ದಳು.

“ಸಾವ್ಕಾರ್ರ, ಇದು ಬ್ಯಾರೇ ಸಾಫ್ಟ್‌ವೇರ್. ಪುಕ್ಕಟ ಐತ್ರಿ.”

ಪ್ರಭುಲಿಂಗಪ್ಪನ ಹುಬ್ಬು ಮೇಲೇರಿತು. “ಪುಕ್ಕಟ ಅಂದ್ರ ಏನೋ ಐಬ ಐತಿ. ಒದಿತೈತೋ, ನೇಗಿಲದಾಗ ಮಲಗತೈತೋ?”

“ಏನೂ ಇಲ್ರಿ. ಒಳಗ ಹ್ಯಾಂಗ ಮಾಡ್ಯಾರ ಅಂತ ಬಿಚ್ಚೇ ಇಟ್ಟಾರ. ನೋಡಬೌದು, ತಿದ್ದಬೌದು, ಮತ್ತೊಬ್ರಿಗೂ ಕೊಡಬೌದು.”

“ಯಾರ ಮನೀದು?”

“ಎಲ್ಲಾರದೂರಿ.”

“ಹಂಗಾರ ಕಳವಿನ ಮಾಲು.”

“ಅಯ್ಯ ಸಾವ್ಕಾರ್ರ, ಕಳವಿಂದು ಆ ಮೊದಲಿಂದರಿ, ಇದಲ್ರಿ!”

ಪ್ರಭುಲಿಂಗಪ್ಪ ವಲ್ಲಿ ಹರಡಿದ. “ಕೈ ತಾ.”

ಪುಕ್ಕಟೆಗೆ ಯಾವ ಬೆರಳೆಂದು ಇಮ್ರಾನನಿಗೇನು ಗೊತ್ತು? ಮುಷ್ಟಿ ಮಾಡಿ ಒಳಗಿಟ್ಟ. ಯಾವ ಸಂತೆಯಲ್ಲೂ ಮುಷ್ಟಿ ಎಂಬ ಬೆಲೆ ಪ್ರಭುಲಿಂಗಪ್ಪನ ಕೈಗೆ ಸಿಕ್ಕಿರಲಿಲ್ಲ. ಬಿಡಿಸಲು ನೋಡಿದ. ಇಮ್ರಾನ ಬಿಗಿಹಿಡಿದ.

“ಭಾಳ ಬಿಗಿ ಅದಿ. ಒಂದೀಟು ಇಳಸು.”

“ಇದರ ಕೆಳಗ ಏನೂ ಇಲ್ರಿ!”

“ಎಲ್ಲಾರೂ ಹಂಗ ಅಂತಾರ.”

ಜನ ವಲ್ಲಿಯನ್ನೇ ನೋಡುತ್ತಿದ್ದರು. ಒಳಗೆ ಎರಡು ಮುಂಗುಸಿ ಬಿಟ್ಟ ಹಾಗೆ ಅದು ಕುಣಿಯುತ್ತಿತ್ತು. ಇಳಿಯದ ಮಾಲು ಕಂಡು ಪ್ರಭುಲಿಂಗಪ್ಪ ಹಟಕ್ಕೆ ಬಿದ್ದು ತಾನೇ ಬೆಲೆ ಏರಿಸತೊಡಗಿದ. ಅವನು ಒಂದೊಂದೇ ಬೆರಳು ಕೊಟ್ಟರೆ ಇಮ್ರಾನ ಒಂದೊಂದನ್ನೇ ಮಡಚಿ ತಿರುಗಿಸಿದ. ಕೊಳ್ಳುವವನು ಏರಿಸುವುದು, ಕೊಡುವವನು ಇಳಿಸುವುದು! ಪೂಜಾರಿ ಗಂಟೆಯ ಹಗ್ಗ ಹಿಡಿದು ಬಾಯಿ ತೆರೆದು ನಿಂತ.

“ಏ ಪ್ರಭ್ಯಾ!” ಕಂಬದ ಕಡೆಯಿಂದ ಅಕ್ಕನ ದನಿ ಬಂತು. “ದೇವರಿಗೆ ಬಿಟ್ಟ ಗೂಳಿ ಬಾಗಲಿಗೆ ಬಂದ್ರೂ ವಲ್ಲಿ ಹಾಕ್ತಿ ಏನೋ? ಅದೂ ಎಲ್ಲಾರದ. ಬಂದ್ರ ಒಂದ್ ಹಿಡಿ ಮೇವು ಹಾಕ್ತೀವಿ, ಮುಂದಿನ ಊರಿಗೆ ಹೊಂಟ್ರ ಹೋಗ್ಲಿ ಅಂತೀವಿ. ಕೈ ತಗಿ. ನನಗ ಹಾಡಬೇಕಾಗೇತಿ.”

ವಲ್ಲಿ ಅಲುಗಾಡದೆ ನಿಂತಿತು. ದೇವರ ಗೂಳಿಯೊಂದಕ್ಕೇ ದಲ್ಲಾಳಿ ಬೆಲೆ ಕಟ್ಟುವಂತಿಲ್ಲ. ಇದು ಪ್ರಭುಲಿಂಗಪ್ಪನಿಗೆ ಹಾಲು ಕುಡಿಯುವಾಗಿನಿಂದ ಗೊತ್ತು. ಆದರೂ ಬರಿಗೈಯಲ್ಲಿ ಹೇಗೆ ಏಳುವುದು?

“ಆತು. ಮಾಲಿನ ಮ್ಯಾಲ ಕೊಸರ ಏನ ಕೊಡ್ತಿ?”

ಇಮ್ರಾನ ತಲೆ ಕೆರೆದುಕೊಂಡ. “ತಿದ್ದಬೌದು ಅಂದ್ನೆಲ್ರಿ. ತಡೀರಿ,” ಎಂದು ಕೀಲಿಮಣೆಯ ಮೇಲೆ ಬೆರಳಾಡಿಸಿದ.

ಗೋಡೆಯ ಮೇಲೆ ಕುಂಬಳಕಾಯಿ ಅಕ್ಷರ ಮೂಡಿತು. ರೇಣುಕವ್ವ ಬತ್ತಿ ಬಿಟ್ಟು ಮುಂದಿನ ಸಾಲಿಗೆ ಬಂದು, ಯಾರನ್ನೂ ಕಾಯದೆ ದನಿ ತೆಗೆದಳು. ಎರಡನೆಯ ನುಡಿ ಮುಗಿಯಿತು. ಬೈಗುಳವಿದ್ದ ಜಾಗದಲ್ಲಿ ಈಗ ಕೋಡಿಗೆ ಬಣ್ಣ ಬಳಿದ ಗೂಳಿಯ ಚಿತ್ರ! ರೂಢಿಯಂತೆ ಕೈಗಳೆದ್ದವು, ಮುಕ್ತಾಯವೂ ಬಿತ್ತು. ಕೊಸರು ಕಂಡು ಪ್ರಭುಲಿಂಗಪ್ಪನ ಮುಖ ಅರಳಿತು.

ಹಿಂದಿನ ಸಾಲಿನಲ್ಲಿ ಸವಡಿ ಊರಿನ ಭಜನಾ ಮಂಡಳಿಯ ಸಿದ್ದಲಿಂಗ ಇಮ್ರಾನನ ಕಿವಿಗೆ ಬಾಗಿದ. “ನಮ್ಮೂರಿಗೂ ಕೊಡ್ತೀ ಏನಪಾ?”

ಇಮ್ರಾನ ಹೂಂ ಎನ್ನುವಷ್ಟರಲ್ಲಿ ಪ್ರಭುಲಿಂಗಪ್ಪ ನಡುವೆ ಕುಳಿತು ವಲ್ಲಿ ಹರಡಿ ಮುಷ್ಟಿ ಒಳಗಿಟ್ಟಿದ್ದ.

“ಬೆಲಿ ಭಾಳ ಗಟ್ಟಿ ಐತಿ,” ಎಂದ ಪಿಸುದನಿಯಲ್ಲಿ. “ಒಂದ್ ಬೆರಳು ಸೈತ ಏರಸಾಕ ಬರೂದಿಲ್ಲ.”

ಮುಂದೆ ಅಕ್ಕನ ದನಿ ಗುಡಿ ತುಂಬಿತ್ತು. ಗೂಳಿ ಮತ್ತೆ ಬಂತು, ಎಲ್ಲರೂ ಕೈಯೆತ್ತಿದರು. ಇವನ, ಸಿದ್ದಲಿಂಗನ ಕೈಗಳು ಮಾತ್ರ ವಲ್ಲಿಯ ಕೆಳಗೇ ಇದ್ದವು.