ಹಲಸಿನ ಮರಕ್ಕೊಂದು ಸುತ್ತು

ಒದ್ದೆಯಾದ ತೆಂಗಿನ ನಾರಿನ ಹಗ್ಗಕ್ಕೆ ಒಂದು ವಾಸನೆಯಿದೆ. ಕೆಸರು, ಉಪ್ಪು, ಬೆವರು ಮೂರೂ ಬೆರೆತದ್ದು. ಕಳೆದ ತಿಂಗಳು ಪಾಲಾರಿವಟ್ಟಂನ ನಮ್ಮ ಫ್ಲ್ಯಾಟಿನ ಎದುರು, ಲಿಫ್ಟಿನೊಳಗೆ ಹಿಡಿಸದ ಬೀರುವೊಂದನ್ನು ಕೆಲಸದವರು ಹಗ್ಗ, ರಾಟೆ ಕಟ್ಟಿ ಮೇಲಕ್ಕೆಳೆಯುತ್ತಿದ್ದಾಗ ಆ ವಾಸನೆ ನನ್ನ ಕಿಟಕಿಯವರೆಗೂ ಬಂತು. ಕೈಯಲ್ಲಿದ್ದ ಪತ್ರಿಕೆ ಕೈಯಲ್ಲೇ ಉಳಿಯಿತು. ನಾನು ಬಾಲ್ಯದ ಆಲುವದ ಬಾಡಿಗೆ ಮನೆಯ ಹಿತ್ತಲಿನಲ್ಲಿ, ಬಾವಿಯ ಪಕ್ಕದಲ್ಲಿದ್ದೆ. ಆ ಮನೆ ಈಗಿಲ್ಲ. ಬಾವಿಯನ್ನು ಮುಚ್ಚಿ ಅದರ ಮೇಲೆ ಕಾರು ನಿಲ್ಲಿಸುತ್ತಾರೆ.

ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪನ ಜೊತೆ ಕಾಸರಗೋಡಿನಿಂದ ಬಂದವಳು ಅವರ ಅಕ್ಕ, ನಮ್ಮ ಗಂಗತ್ತೆ. ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡಿದ್ದ ಅವಳಿಗೆ ಆ ಬಾವಿಯೇ ಸಂಸಾರವಾಗಿತ್ತು. ಶುಕ್ರವಾರಕ್ಕೊಮ್ಮೆ ರಾಟೆಯ ಅಚ್ಚಿಗೆ ಕೊಬ್ಬರಿ ಎಣ್ಣೆ ಬಿಡುತ್ತಿದ್ದಳು. ಹಗ್ಗವನ್ನು ಗೇಣು ಗೇಣಾಗಿ ಬೆರಳಲ್ಲಿ ಸವರಿ ಸವೆದ ಎಳೆ ಹುಡುಕುತ್ತಿದ್ದಳು. ಬಾವಿಗೆ ಯಾರೇ ಇಳಿಯಲಿ, ಹಗ್ಗದ ತುದಿಯನ್ನು ಪಕ್ಕದ ಹಲಸಿನ ಮರಕ್ಕೆ ಒಂದು ಸುತ್ತು ಹಾಕಿಯೇ ಎಳೆಯಬೇಕೆಂಬುದು ಅವಳ ಕಟ್ಟಳೆ. ಏಕೆಂದು ಕೇಳಿದ್ದಕ್ಕೆ, “ಕೈ ಸೋತೀತು ಮಗಾ, ಮರ ಸೋಲುವುದಿಲ್ಲ” ಎಂದಿದ್ದಳು.

ನನಗೆ ಒಂಬತ್ತು ತುಂಬಿದ ಬೇಸಿಗೆಯಲ್ಲಿ, ಹೂಳೆತ್ತಲು ಬಾವಿಗಿಳಿದಿದ್ದ, ಅಣ್ಣ ಎಂಬರ್ಥದಲ್ಲಿ ನಾವು ಚೇಟ್ಟ ಎನ್ನುತ್ತಿದ್ದ ಕೆಲಸದ ಕುಟ್ಟಪ್ಪನ್ ಜಾರಿ ಬಿದ್ದು ಕಾಲು ಮುರಿದುಕೊಂಡರು. ಕೂಗು ಕೇಳಿ ನೆರೆಯ ಗಂಡಸರು ಸೇರಿದರು. ಮುಂದಾಳಾಗಿ ನಿಂತವರು ನಮ್ಮ ಮನೆಯೊಡೆಯರು. ಮರದ ಸುತ್ತಿನಿಂದ ಎಳೆತ ಭಾರವಾಗುತ್ತದೆಂದು ಅದನ್ನು ಬಿಚ್ಚಿಸಿದವರೂ ಅವರೇ. ಅತ್ತೆ ಬೇಡವೆಂದಳು. ಅವರು ನಕ್ಕು, ಅತ್ತೆಯನ್ನು ಅಕ್ಕನೆಂದೇ ಕರೆದು, “ಚೇಚ್ಚಿ ಒಳಗೆ ಹೋಗಲಿ. ಇದು ಸಾಂಬಾರಿಗೆ ನೀರು ಸೇದುವ ಕೆಲಸವಲ್ಲ” ಎಂದರು. ಉಳಿದವರೂ ನಕ್ಕರು. ಯಾರು ಯಾರು ನಕ್ಕರೆಂಬುದನ್ನು ಇಂದಿಗೂ ಹೆಸರು ಹಿಡಿದು ಹೇಳಬಲ್ಲೆ.

ಅತ್ತೆ ಒಳಗೆ ಹೋಗಲಿಲ್ಲ. ಹಗ್ಗದ ಬಾಲವನ್ನು ಹಿಡಿದು ಮರದ ಬುಡದಲ್ಲೇ ನಿಂತಳು. ಕುಟ್ಟಪ್ಪನ್ ಚೇಟ್ಟ ಅರ್ಧ ಬಾವಿ ಮೇಲೆ ಬಂದಿರಬೇಕು, ಮುಂದಿದ್ದ ಮನೆಯೊಡೆಯರೇ ಕೆಸರಿನಲ್ಲಿ ಜಾರಿದರು; ಅವರ ಹಿಂದಿನವರು ಅವರ ಮೇಲೆ ಬಿದ್ದರು. ರಾಟೆ ಕಿರುಚುತ್ತಾ ಹಿಂದಕ್ಕೆ ತಿರುಗಿತು. ಅತ್ತೆ ಓಡುತ್ತಿದ್ದ ಹಗ್ಗವನ್ನು ಬರಿಗೈಯಲ್ಲೇ ಮರಕ್ಕೆ ಸುತ್ತಿದಳು. ಹಗ್ಗ ತೊಗಟೆಯನ್ನು ಕಚ್ಚಿ ನಿಲ್ಲುವ ಮೊದಲು ಅವಳ ಅಂಗೈಯನ್ನು ಕೊರೆದುಕೊಂಡು ಹೋಗಿತ್ತು. ಚೇಟ್ಟ ಬದುಕಿದರು. ಅತ್ತೆಯ ಬಲಗೈಯ ಎರಡು ಬೆರಳು ಮತ್ತೆಂದೂ ನೆಟ್ಟಗಾಗಲಿಲ್ಲ.

ಮರುತಿಂಗಳು ವಾಚನಾಲಯದಲ್ಲಿ ಸಭೆ ನಡೆಯಿತು. ಚೇಟ್ಟನನ್ನು ಉಳಿಸಿದರೆಂದು ಮನೆಯೊಡೆಯರಿಗೆ ಶಾಲು ಹೊದಿಸಿದರು. ಭಾಷಣ ಮಾಡಿದ ಮೂವರಲ್ಲಿ ಒಬ್ಬರೂ ಅತ್ತೆಯ ಹೆಸರೆತ್ತಲಿಲ್ಲ. ಅದನ್ನು ನಾನು ಮರೆತಿಲ್ಲ. ಆದರೆ ಮನ್ನಿಸಲಾರದ್ದು ಅದಲ್ಲ. ನಾಲ್ಕನೆಯ ಸಾಲಿನಲ್ಲಿ, ನನ್ನ ಪಕ್ಕದಲ್ಲೇ ಕುಳಿತು ಅಪ್ಪ ಚಪ್ಪಾಳೆ ತಟ್ಟಿದರು. ದಾರಿಯಲ್ಲಿ ನಾನು ಅತ್ತಾಗ, ಪರರ ಊರು, ಬಾಡಿಗೆಯ ಮನೆ, ಒಡೆಯರನ್ನು ಎದುರು ಹಾಕಿಕೊಳ್ಳಲಾಗದು ಎಂದರು. ಮನೆಯಲ್ಲಿ ಅತ್ತೆ ಎಡಗೈಯಲ್ಲಿ ಅನ್ನ ಬಡಿಸುತ್ತಾ, ಸಭೆಯಲ್ಲಿ ಚಹಾ ಕೊಟ್ಟರೇ ಎಂದಷ್ಟೇ ಕೇಳಿದಳು.

ಹತ್ತು ವರ್ಷಗಳ ನಂತರ ಅತ್ತೆ ತೀರಿಕೊಂಡಳು. ಊರಿನಿಂದ ಬಂದ ಹೆಂಗಸರು ಅವಳ ಕೈಗಳನ್ನು ಎದೆಯ ಮೇಲೆ ಜೋಡಿಸಲು ಹೋದರೆ ಆ ಎರಡು ಬೆರಳು ಒಪ್ಪಲಿಲ್ಲ. ಒಬ್ಬಾಕೆ ಒತ್ತಿ ನೆಟ್ಟಗೆ ಮಾಡಲು ನೋಡಿದಳು. ಅಂಗಳದಲ್ಲಿ ಕೋಲೂರಿ ನಿಂತಿದ್ದ ಕುಟ್ಟಪ್ಪನ್ ಚೇಟ್ಟ ಮೆಟ್ಟಿಲು ಹತ್ತಿ ಬಂದು, ಅಷ್ಟು ವರ್ಷಗಳಲ್ಲಿ ಕಲಿತ ತಮ್ಮ ಮುರುಕು ಕನ್ನಡದಲ್ಲಿ ಹೇಳಿದರು:

“ಬಿಡಿ ಅಮ್ಮಾ. ನನ್ನನ್ನು ಹಿಡಿದ ಕೈ ಅದು. ಹಾಗೇ ಹೋಗಲಿ.”

ಆಕೆ ಕೈ ತೆಗೆದಳು. ನಾನು ಅಪ್ಪನ ಮುಖ ನೋಡಿದೆ. ಅವರು ಮುಂದೆ ಬಂದರು. ಅಕ್ಕನ ಪಕ್ಕದಲ್ಲಿ ಕುಳಿತು, ಮಡಿಸಿಕೊಂಡೇ ಇದ್ದ ಆ ಎರಡು ಬೆರಳುಗಳನ್ನು ತಮ್ಮ ಎರಡೂ ಕೈಗಳಿಂದ ಮುಚ್ಚಿ ಹಿಡಿದರು. ಹೊರಡುವ ಹೊತ್ತಾಯಿತೆಂದು ಜನ ಎರಡು ಬಾರಿ ಹೇಳಿದ ಮೇಲೂ ಬಿಡಲಿಲ್ಲ.